ಕಂಬಳಿ ಹೊದ್ದ ಬಿಯರು

ಶನಿವಾರ ಸಂಜೆಯ ಹೊತ್ತಿಗೆ ಮಹಡಿಯವರ ಬೆರಳ ತುದಿಗಳು ಬಿಳಿಚಿ ಸುಕ್ಕುಗಟ್ಟಿ, ಬ್ಲೀಚಿನ ವಾಸನೆ ಹೊಡೆಯುತ್ತಿದ್ದವು. ಅಮೆರಿಕದ ಮೌಂಟನ್ ವ್ಯೂನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಮೇಲಿನ ಮನೆ ಅವರದು. ನಾವು ಅವರನ್ನು ಕರೆಯುತ್ತಿದ್ದದ್ದೂ ಹಾಗೆಯೇ. ಮೈಸೂರಿನವರು, ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ಎಂಬತ್ತರ ದಶಕದ ಆ ವರ್ಷಗಳಲ್ಲಿ ಅವರ ರಜೆಯೆಲ್ಲ ಮನೆಯಲ್ಲಿ ಬಿಯರು ತಯಾರಿಸುವುದಕ್ಕೆ ಹೋಗುತ್ತಿತ್ತು.

"ಬಿಯರು ಮಾಡೋದು ಅಂದ್ರೆ ಮುಕ್ಕಾಲು ಪಾಲು ತೊಳೆಯೋ ಕೆಲಸ ಕಣ್ರೀ," ಎನ್ನುತ್ತಿದ್ದರು.

"ನನ್ನ ಸಾರಿನ ಪಾತ್ರೆ ಒಂದು ದಿನಾನೂ ತೊಳೆದವರಲ್ಲ," ಎಂದು ಒಳಗಿನಿಂದ ಅವರ ಹೆಂಡತಿಯ ದನಿ ಬರುತ್ತಿತ್ತು.

ಡಬ್ಬಿಯ ಮಾಲ್ಟ್ ಪಾಕವನ್ನು ಒಲೆ ಆರಿಸಿಯೇ ನೀರಿಗೆ ಸುರಿಯಬೇಕು, ಇಲ್ಲದಿದ್ದರೆ ತಳ ಹಿಡಿಯುತ್ತದೆ. ಕಹಿ ಕೊಡುವ ಹಾಪ್ಸ್ ಹೂವಿನೊಂದಿಗೆ ಒಂದು ಗಂಟೆ ಕುದಿಸಿ, ಪಾತ್ರೆಯನ್ನು ಬಾತ್‌ಟಬ್ಬಿನ ಐಸು ನೀರಿನಲ್ಲಿಟ್ಟು ಬೇಗ ಆರಿಸಬೇಕು. ತಣ್ಣಗಾದ ಮೇಲೆಯೇ ಯೀಸ್ಟು. ಆಮೇಲೆ ಎಲ್ಲ ದೊಡ್ಡ ಗಾಜಿನ ಜಾಡಿಗೆ. ಅದರ ಬಿರಡೆಯಲ್ಲಿ ನೀರು ತುಂಬಿದ ಸಣ್ಣ ಕೊಳವೆ. ಒಳಗಿನ ಗಾಳಿ ಗುಳ್ಳೆಯಾಗಿ ಹೊರಗೆ ಹೋಗುತ್ತದೆ, ಹೊರಗಿನದು ಒಳಬರುವುದಿಲ್ಲ. ಇಷ್ಟನ್ನೂ ನಾನು ಅವರಿಂದಲೇ ಕಲಿತೆ.

ಒಂದು ಚಳಿಗಾಲದಲ್ಲಿ ಅವರ ಮಗಳು ಕಾಲೇಜಿನ ಅಮೆರಿಕನ್ ಗೆಳೆಯನನ್ನು ಮದುವೆಯಾಗುವುದಾಗಿ ಹೇಳಿದಳು. ಹುಡುಗನ ತಂದೆ ಮಾರ್ಗನ್ ಹಿಲ್‌ನಲ್ಲಿ ಅಕ್ರೋಟಿನ ತೋಟ ಇಟ್ಟುಕೊಂಡವರು. ಮೊದಲ ಭೇಟಿಯಲ್ಲಿ ಇಬ್ಬರು ಅಪ್ಪಂದಿರಿಗೂ ಮಾತು ಹತ್ತಲಿಲ್ಲ. ಹುಡುಗನ ತಂದೆ ತಾವೇ ಮಾಡಿದ ಬಿಯರು ತಂದಿದ್ದರು. ನಡೆದ ಮಾತೆಲ್ಲ ಅದರದೇ. ಮುಂದಿನ ತಿಂಗಳು ನನ್ನದು ಕುಡಿಸುತ್ತೇನೆ ಎಂದು ಮಹಡಿಯವರು ಮಾತು ಕೊಟ್ಟರು.

"ಆ ಮನುಷ್ಯನ ಹತ್ರ ಮಾತಾಡೋಕೆ ನಂಗಿರೋದು ಇದೊಂದೇ ರೀ. ಇದು ಕೆಡಬಾರದು," ಎಂದು ನನಗೆ ಹೇಳಿದರು.

ಯೀಸ್ಟು ಹಾಕಿದ ಸಂಜೆಯೇ ಅವರು ಮನೆಮಂದಿಯೊಂದಿಗೆ ಲಾಸ್ ಏಂಜಲಿಸ್‌ಗೆ, ನೆಂಟರ ಮನೆಯ ಮುಂಜಿಗೆ ಹೊರಟರು. ಕೀ ನನ್ನ ಕೈಗೆ ಕೊಟ್ಟು, "ಒಂದು ದಿನ ಗುಳ್ಳೆ ಬರಲ್ಲ, ಹೆದರ್ಬೇಡಿ. ಫ್ಯಾರನ್‌ಹೀಟ್ ಅರವತ್ತೈದು ಡಿಗ್ರಿ ಇದ್ರೆ ಸಾಕು. ಸುಮ್ನೆ ನೋಡಿ, ಮುಟ್ಬೇಡಿ," ಎಂದರು.

ಬೆಳಗ್ಗೆ ಹೋಗಿ ನೋಡಿದರೆ ಜಾಡಿ ತಣ್ಣಗಿತ್ತು, ಸದ್ದಿಲ್ಲ. ನಮ್ಮ ಮನೆಯಲ್ಲಿ ಚಳಿಗಾಲದ ದೋಸೆ ಹಿಟ್ಟು ಓವನ್ನಿನ ಶಾಖವಿಲ್ಲದೆ ಉಬ್ಬುತ್ತಿರಲಿಲ್ಲ. ಇದಕ್ಕೂ ಅದೇ ಬೇಕೆಂದುಕೊಂಡೆ. ಹೀಟರು ಹಾಕಿ, ಜಾಡಿಗೆ ಕಂಬಳಿ ಸುತ್ತಿದೆ. ಸಂಜೆಗೆ ಗುಳ್ಳೆಗಳ ಸದ್ದು ಬಾಗಿಲವರೆಗೂ ಕೇಳಿಸಿತು. ನಾಲ್ಕು ದಿನ ಹಾಗೆಯೇ ಬಿಟ್ಟೆ.

ಮಹಡಿಯವರು ವಾಪಸು ಬಂದು ಕಂಬಳಿ ಬಿಚ್ಚಿ ಥರ್ಮಾಮೀಟರು ನೋಡಿದರು. ಎಂಬತ್ತು ದಾಟಿತ್ತು.

"ಇದೇನ್ರೀ ಇದು?"

"ಗುಳ್ಳೆ ಬರ್ತಿರಲಿಲ್ಲ ಸಾರ್. ಚಳಿಗೆ ಅಂತ..."

"ದೋಸೆ ಹಿಟ್ಟು ಅಂದ್ಕೊಂಡ್ರಾ?"

ಬಿರಡೆ ತೆಗೆದರೆ ಕಳಿತ ಬಾಳೆಹಣ್ಣಿನ ವಾಸನೆ. ಶಾಖಕ್ಕೆ ಯೀಸ್ಟು ಅವಸರಪಟ್ಟರೆ ಹೀಗಾಗುತ್ತದೆ, ಮತ್ತೆ ಸರಿಪಡಿಸಲಾಗುವುದಿಲ್ಲ ಎಂದರು. ಇನ್ನೊಮ್ಮೆ ಮಾಡಲು ದಿನಗಳಿರಲಿಲ್ಲ.

"ಅಂಗಡೀದು ತಂದು ಖಾಲಿ ಬಾಟಲಿಗೆ ತುಂಬಿಬಿಡಿ ಸಾರ್. ಅವರಿಗೇನು ಗೊತ್ತಾಗುತ್ತೆ?"

"ನಂಗೆ ಗೊತ್ತಾಗುತ್ತಲ್ಲ," ಎಂದರು. ಗುಳ್ಳೆ ನಿಂತ ಮೇಲೆ, ನೊರೆ ಬರಲೆಂದು ಹಾಕುವ ಸಕ್ಕರೆಯನ್ನು ಎಂದಿನಂತೆ ಮಟ್ಟಸವಾಗಿ ಅಳೆದು ಹಾಕಿ, ಬಾಟಲಿ ತುಂಬಿ ಮುಚ್ಚಳ ಒತ್ತಿದರು. ಸಕ್ಕರೆ ಹೆಚ್ಚಾದರೆ ಬಾಟಲಿ ಸಿಡಿಯುತ್ತದೆ ಎಂಬ ಪಾಠವನ್ನು ಅಂದೂ ಬಿಡಲಿಲ್ಲ.

ಬೀಗರಾಗುವವರು ಬಂದ ದಿನ ನನ್ನನ್ನೂ ಕರೆದಿದ್ದರು. ಗ್ಲಾಸು ಕೈಗಿಡುವ ಮೊದಲೇ ಮಹಡಿಯವರು ಇಂಗ್ಲಿಷಿನಲ್ಲಿ ನೇರವಾಗಿ ಹೇಳಿದರು: ಇದು ಕೆಟ್ಟಿದೆ, ಮೊದಲ ನಾಲ್ಕು ದಿನ ಬಿಸಿಯಾಯಿತು, ಬಾಳೆಹಣ್ಣು ನಾರುತ್ತದೆ. ಯಾರಿಂದ ಎಂದು ಹೇಳಲಿಲ್ಲ. ನಾನೇ ಬಾಯಿಬಿಟ್ಟೆ.

"ಬ್ಲ್ಯಾಂಕೆಟ್? ಸೀರಿಯಸ್ಲಿ, ಅಂಕಲ್?" ಎಂದಳು ಮಗಳು.

ಬಂದವರು ಮೂಸಿದರು, ಒಂದು ಗುಟುಕು ಕುಡಿದರು, ಎಷ್ಟು ಡಿಗ್ರಿ ಆಗಿತ್ತೆಂದು ಕೇಳಿದರು. ಆಮೇಲೆ ತಮ್ಮ ಶೆಡ್ಡಿನಲ್ಲಿ ಬೇಸಿಗೆಗೆ ಬಾಟಲಿಗಳು ಸಿಡಿದು ಚಾವಣಿ ತೊಯ್ದ ಕತೆ ತೆಗೆದರು. ಊಟ ಆರಿತು, ಇಬ್ಬರೂ ಏಳಲಿಲ್ಲ.

ಮದುವೆಯಾಯಿತು. ಹಲವು ವರ್ಷಗಳ ನಂತರ ಮಹಡಿಯವರು ತೀರಿಕೊಂಡಾಗ ಸುದ್ದಿ ತಿಳಿಸಿದವರು ಆ ಬೀಗರೇ. ಫೋನಿನಲ್ಲಿ, ಆ ಮೊದಲ ಗ್ಲಾಸಿನ ನಂತರ ಅವರ ಯಾವ ಮಾತನ್ನೂ ನಾನು ಅನುಮಾನಿಸಲಿಲ್ಲ ಎಂದರು.

ನಾನು ಪತ್ರಿಕೆಯ ಡೆಸ್ಕಿನಲ್ಲಿ ದುಡಿದವನು. ನನ್ನ ಪುಟದಲ್ಲಿ ತಪ್ಪು ಅಚ್ಚಾದ ದಿನಗಳಲ್ಲಿ, ಓದುಗರ ಫೋನು ಬರುವ ಮೊದಲೇ ಸಂಪಾದಕರ ಕೋಣೆಗೆ ಹೋಗಿ ಹೇಳಿಬಿಡುತ್ತಿದ್ದೆ. ಅದನ್ನು ನನಗೆ ಕಲಿಸಿದವರು ಮಹಡಿಯವರು.