ಕೊಲಂಬೊಗೆ ಹೋದ ಕೊಸರು

ಮಣಿಪಾಲದ ಒಂದು ಸಣ್ಣ ಆಫೀಸಿನಲ್ಲಿ ಕೂತು ಬೇರೆಯವರ ಸರಕಿಗೆ ರಫ್ತಿನ ಕಾಗದ ತಯಾರಿಸುವುದು ನನ್ನ ಕೆಲಸ. ಕಾರ್ಕಳದ ಗೇರುಬೀಜವಿರಲಿ, ಉಡುಪಿಯ ಉಪ್ಪಿನಕಾಯಿ ಇರಲಿ, ನನಗೆ ಎಲ್ಲವೂ ಕಾಗದವೇ. ನೆರೆಯ ದೇಶಗಳು ಒಪ್ಪಂದ ಮಾಡಿಕೊಂಡು ಸುಂಕ ಇಳಿಸಿದರೆ ನನಗೆ ಸಿಗುವುದು ಇನ್ನಷ್ಟು ಕಾಗದ: ಸರಕು ಇಲ್ಲಿಯದೇ ಎಂಬುದಕ್ಕೊಂದು ಪತ್ರ, ತೂಕಕ್ಕೊಂದು ಪಟ್ಟಿ. ವರ್ಷಗಟ್ಟಲೆ ಗೊಣಗುತ್ತಲೇ ಬರೆದಿದ್ದೇನೆ.

ಕಾಪುವಿನಲ್ಲಿರುವ ನನ್ನ ದೊಡ್ಡಮ್ಮ ಒಂದು ದಿನ ಫೋನ್ ಮಾಡಿ, "ನಮ್ಮ ಒಣಮೀನು ಕೊಲಂಬೊಗೆ ಹೋಗ್ತದೆ. ಕಾಗದ ನೀನೇ ಮಾಡು" ಎಂದರು. ಅಲ್ಲಿಯವರೆಗೆ ದಲ್ಲಾಳಿಯೊಬ್ಬ ಬಂದು ಒಯ್ಯುತ್ತಿದ್ದ. ಈಗ ಅವರ ಕೇರಿಯ ಹೆಂಗಸರು ಒಟ್ಟಾಗಿ, ಮೊದಲ ಸಲ, ನೇರವಾಗಿ ಕಳಿಸುವವರಿದ್ದರು. ಸರಿಹೋದರೆ ಇನ್ನು ಯಾರ ಹಂಗೂ ಇಲ್ಲ. ಕೆಟ್ಟರೆ ಮತ್ತೆ ಅದೇ ದಲ್ಲಾಳಿಯ ಬಾಗಿಲು. ಚೀಲದ ತೂಕ ಕೇಳಿದೆ, ಅವರು ಹೇಳಿದರು, ಬರೆದುಕೊಂಡೆ.

ಸರಕು ಹೋಗಿ ಕೆಲವು ದಿನಗಳಾದ ಮೇಲೆ ಸುದ್ದಿ ಬಂತು: ಕೊಲಂಬೊ ಕಸ್ಟಮ್ಸ್‌ನಲ್ಲಿ ಎಲ್ಲವನ್ನೂ ತಡೆದಿದ್ದಾರೆ. ಪ್ರತಿಯೊಂದು ಚೀಲವೂ ಕಾಗದದಲ್ಲಿರುವುದಕ್ಕಿಂತ ಹೆಚ್ಚು ತೂಗುತ್ತದೆ. ನನ್ನ ಪಿತ್ತ ನೆತ್ತಿಗೇರಿತು. ಸಿಕ್ಕಿದ ಬಸ್ಸು ಹತ್ತಿ ಕಾಪುವಿನಲ್ಲಿ ಇಳಿದು, ಅವರು ಮೀನು ಒಣಗಿಸುವ ಕಡಲ ದಂಡೆಗೇ ಹೋದೆ.

"ಎಂತ ಮಾಡಿದ್ದೀರಿ ದೊಡ್ಡಮ್ಮ?"

"ಎಂತ ಮಾಡುವುದು? ಕೊಸರು ಹಾಕಿದ್ದು."

ತೂಗಿ ಮುಗಿದ ಮೇಲೆ ಕೊಳ್ಳುವವರಿಗೆಂದು ಪುಕ್ಕಟೆಯಾಗಿ ಹಾಕುವ ಒಂದು ಹಿಡಿ. ಬುಟ್ಟಿ ಹೊತ್ತು ಉಡುಪಿಯ ಬನ್ನಂಜೆಯಲ್ಲಿ ಮನೆಮನೆ ತಿರುಗುತ್ತಿದ್ದ ಕಾಲದಿಂದಲೂ ದೊಡ್ಡಮ್ಮನ ಕೈ ಅದನ್ನು ಮರೆತದ್ದಿಲ್ಲ.

"ಅದು ಬೇರೆ ದೇಶ, ಬನ್ನಂಜೆಯ ಓಣಿ ಅಲ್ಲ!" ಎಂದು ರೇಗಿದೆ.

"ಅಷ್ಟು ದೂರದವರು ತಕೊಳ್ಳುವಾಗ ಕೊಸರು ಹಾಕದೆ ಕಳಿಸುವುದಾ? ನಾಚಿಕೆ ಅಲ್ವಾ ಮಾರಾಯ್ತಿ?" ಎಂದವರು, ಆಮೇಲೆ ಸಣ್ಣ ದನಿಯಲ್ಲಿ, "ಮೀನು ಹಿಂದೆ ಬರ್ತದಾ?" ಎಂದು ಕೇಳಿದರು. ಮೀನು ಹರವುತ್ತಿದ್ದ ಹೆಂಗಸರೆಲ್ಲ ಕೈ ನಿಲ್ಲಿಸಿ ನನ್ನನ್ನೇ ನೋಡಿದರು.

ಆಫೀಸಿಗೆ ಮರಳಿ ಕೊಲಂಬೊ ಕಸ್ಟಮ್ಸ್‌ಗೆ ವಿವರಣೆ ಬರೆದೆ. ಹೆಚ್ಚಿರುವುದು ಚೀಲಕ್ಕೊಂದು ಹಿಡಿ. ಅದಕ್ಕೆ ಬೆಲೆ ಇಲ್ಲ. ನಮ್ಮಲ್ಲಿ ಮಾರುವವರು ಹೀಗೆಯೇ ಕೊಡುವುದು. ಬರೆಯುವಾಗ ನನಗೇ ನಗು ಬಂತು. ಇದನ್ನು ಯಾವ ಅಧಿಕಾರಿ ನಂಬುತ್ತಾನೆ?

ನಂಬಿದರು. ಮತ್ತೊಮ್ಮೆ ತೂಗಿ, ಕಾಗದ ತಿದ್ದಿಸಿಕೊಂಡು ಸರಕನ್ನು ಬಿಟ್ಟರು. ಆ ಭಾನುವಾರ ನಾನು ಕಾಪುವಿನಲ್ಲಿದ್ದಾಗ ಮೀನು ಕೊಂಡ ಕೊಲಂಬೊದ ಅಂಗಡಿಯಾಕೆ ವಿಡಿಯೋ ಕಾಲ್ ಮಾಡಿದರು. ದೊಡ್ಡಮ್ಮನಷ್ಟೇ ವಯಸ್ಸು. ಅವರ ತಮಿಳು ದೊಡ್ಡಮ್ಮನಿಗೆ ತಿಳಿಯದು, ದೊಡ್ಡಮ್ಮನ ತುಳು ಅವರಿಗೆ ತಿಳಿಯದು. ಇಬ್ಬರೂ ಸುಮ್ಮನೆ ನಕ್ಕರು. ಅಷ್ಟರಲ್ಲಿ ಅಲ್ಲೊಬ್ಬ ಗಿರಾಕಿ ಬಂದ. ಆಕೆ ಫೋನನ್ನು ಅಲ್ಲೇ ಒರಗಿಸಿಟ್ಟು ನಮ್ಮದೇ ಚೀಲದಿಂದ ಮೀನು ತೂಗಿದರು, ಕಾಗದದಲ್ಲಿ ಕಟ್ಟಲು ಹೊರಟರು. ಆಮೇಲೆ ನೋಡದೆಯೇ ಕೈಯನ್ನು ಮತ್ತೆ ಚೀಲದೊಳಗೆ ಹಾಕಿ ಒಂದು ಹಿಡಿ ತೆಗೆದು ಪೊಟ್ಟಣದ ಮೇಲೆ ಸುರಿದರು.

"ಕೊಸರು!" ದೊಡ್ಡಮ್ಮ ಕೂಗಿಯೇಬಿಟ್ಟರು. "ನೋಡು, ಅವಳೂ ಹಾಕಿದಳು!"

ನನ್ನ ಮೈ ಜುಮ್ಮೆಂದಿತು. ಅದೇ ಕೈ, ಅದೇ ತಿರುವು, ಅದೇ ಧಾರಾಳ. ಯಾವ ಒಪ್ಪಂದದ ಯಾವ ಪಟ್ಟಿಯಲ್ಲೂ ಇದನ್ನು ನಾನು ಓದಿರಲಿಲ್ಲ. ಎರಡು ದೇಶಗಳ ದೊಡ್ಡವರು ಕೂತು ಬಾಗಿಲು ತೆರೆಯುವುದಕ್ಕೆ ಎಷ್ಟೋ ಮೊದಲೇ ಈ ಹೆಂಗಸರು ಒಂದೇ ಸಂತೆಯವರಾಗಿದ್ದರು. ಇಷ್ಟು ದೊಡ್ಡ ಸಂಗತಿಯ ಕಾಗದ ನನ್ನ ಮೇಜಿನ ಮೇಲಿಂದಲೇ ದಾಟಿ ಹೋಗುತ್ತಿತ್ತು, ನಾನೋ ಗೊಣಗುತ್ತಿದ್ದೆ.

ಮುಂದಿನ ಸಲ ತೂಕ ಬರೆಯಲು ನಾನೇ ಹೋದೆ. "ಕೊಸರನ್ನು ಮೊದಲೇ ಹಾಕಿ ಒಟ್ಟಿಗೆ ತೂಗುವ" ಎಂದೆ.

"ತೂಗಿದ ಮೇಲೆ ಹಾಕಿದರೆ ಕೊಸರು," ಎಂದರು ದೊಡ್ಡಮ್ಮ. "ಮೊದಲೇ ಹಾಕಿದರೆ ಅದು ಬರೀ ಮೀನು."

ಕೊನೆಗೆ ಚೀಲವನ್ನು ಎರಡು ಸಲ ತೂಗುವುದೆಂದಾಯಿತು: ಬೆಲೆಗಾಗಿ ಒಮ್ಮೆ, ಕೊಸರು ಬಿದ್ದ ಮೇಲೆ ನನ್ನ ಕಾಗದಕ್ಕಾಗಿ ಇನ್ನೊಮ್ಮೆ. ದೊಡ್ಡಮ್ಮ ಒಪ್ಪಿದರು. ಆದರೆ ಎರಡನೆಯ ಸಲ ಚೀಲ ತಕ್ಕಡಿಗೆ ಏರಿದಾಗಲೆಲ್ಲ, ಕೊಸರು ತೂಗುವುದನ್ನು ನೋಡಲಾರದೆ, ಅವರು ಸಮುದ್ರದ ಕಡೆ ಮುಖ ತಿರುಗಿಸಿ ನಿಲ್ಲುತ್ತಿದ್ದರು.