ಶಾಂತವ್ವನೂ ಸಿಂಥೆಟಿಕ್ ಎಣ್ಣೆಯೂ

ಕಳೆದ ಶನಿವಾರ ಪವಾಯಿಯ ಸರ್ವಿಸ್ ಸೆಂಟರೊಂದರ ತಣ್ಣನೆಯ ಕೋಣೆಯಲ್ಲಿ ಕುಳಿತಿದ್ದೆ. ಗಾಜಿನ ಬಾಗಿಲು ತೆರೆದು ಯಾರೋ ಒಳಬಂದರು. ಅವರ ಹಿಂದೆಯೇ ಸುಟ್ಟ ಇಂಜಿನ್ ಎಣ್ಣೆಯ ವಾಸನೆಯೂ ನುಸುಳಿತು. ಸುತ್ತಲಿದ್ದವರು ಮೂಗು ಮುಚ್ಚಿಕೊಂಡರು. ನಾನು ಮಾತ್ರ ಇನ್ನೂ ಸ್ವಲ್ಪ ಬರಲಿ ಎಂದು ಉಸಿರೆಳೆದೆ. ನಿಮಗೂ ಇಂಥದ್ದೊಂದು ವಾಸನೆ ಇದ್ದೀತು, ಬೇರೆಯವರೆದುರು ಒಪ್ಪಿಕೊಳ್ಳಲು ನಾಚಿಕೆಯಾಗುವಂಥದ್ದು. ಆ ವಾಸನೆ ನನ್ನನ್ನು ನೇರ ಮುಲುಂಡಿನ ಒಂದು ಗ್ಯಾರೇಜಿಗೆ ಕರೆದೊಯ್ದಿತು.

ಗ್ಯಾರೇಜು ಅಂದರೆ ಒಂದು ಶಟರು, ಅದರ ಮುಂದೆ ಒಂದು ಕಾರು ನಿಲ್ಲುವಷ್ಟು ಜಾಗ. ಸಿಂದಗಿ ಕಡೆಯ ಮಲ್ಲಪ್ಪ ಅದರ ಒಡೆಯ. ಒಮ್ಮೆ ಜ್ಯಾಕ್ ಜಾರಿ ಕಾರು ಬಲಗೈ ಮೇಲೆ ಕೂತು ಅವನ ಮೂರು ಬೆರಳು ಹೋಗಿದ್ದವು. ಅಂದಿನಿಂದ ಸ್ಪ್ಯಾನರ್ ಹಿಡಿದವಳು ಹೆಂಡತಿ ಶಾಂತವ್ವ. ಸೀರೆಯ ಮೇಲೆ ಗಂಡನ ಹಳೆಯ ಖಾಕಿ ಅಂಗಿ ತೊಟ್ಟು, ಸೆರಗು ಬಿಗಿದು, ಕಾರಿನಡಿ ಮಲಗಿಬಿಡುತ್ತಿದ್ದಳು. ಮಲ್ಲಪ್ಪ ಪಕ್ಕದಲ್ಲಿ ಕುಳಿತು, ಕಣ್ಣು ಮುಚ್ಚಿ, ಇಂಜಿನ್ನಿನ ಸದ್ದು ಕೇಳಿ ಹೇಳುವನು, ಇವಳು ಮಾಡುವಳು. "ಅವರು ಬಾಯಿ, ನಾ ಕೈರಿ" ಎನ್ನುತ್ತಿದ್ದಳು. ಕಾರು ಓಡಿಸುವುದನ್ನೂ ಅವನೇ ಕಲಿಸಿದ್ದ. ಅವಳು ಸ್ಟಿಯರಿಂಗ್ ಹಿಡಿದರೆ ಅವನು ಪಕ್ಕದ ಸೀಟಿನಿಂದ ಬಿಡದೆ "ಗೇರ್ ಹಾಕು, ಕ್ಲಚ್ ಬಿಡು, ಸಾವಕಾಶ" ಎನ್ನುತ್ತಲೇ ಇರಬೇಕು.

ನನ್ನದು ಆಗ ಮೂರು ಕೈ ದಾಟಿ ಬಂದ ಹಳೆಯ ಕಾರು. ನಾನೋ, ಪವಾಯಿಯ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕ. ಎಣ್ಣೆಗಳು ಎಷ್ಟು ಬಿಸಿಗೆ ಎಷ್ಟು ತೆಳುವಾಗುತ್ತವೆ ಎಂದು ಗಾಜಿನ ನಳಿಕೆಯಲ್ಲಿ ಅಳೆದು ಹುಡುಗರಿಗೆ ತೋರಿಸುವುದೇ ಕೆಲಸ. ಅಷ್ಟಕ್ಕೇ ಎಣ್ಣೆಯ ಕುಲಗೋತ್ರವೆಲ್ಲ ನನಗೆ ಗೊತ್ತು ಎಂಬ ಜಂಬ. ಸಾದಾ ಎಣ್ಣೆ ನೆಲದಡಿಯ ಕಚ್ಚಾ ತೈಲವನ್ನು ಸೋಸಿದ್ದು, ಸಿಂಥೆಟಿಕ್ ಕಣಕಣ ಒಂದೇ ಅಳತೆಗೆ ಕೂಡಿಸಿದ್ದು, ಬಿಸಿಗೆ ಬೇಗ ಕೆಡುವುದಿಲ್ಲ, ಇಂಜಿನ್ನನ್ನು ಸ್ವಚ್ಛವಾಗಿಡುತ್ತದೆ. ಇದರಲ್ಲಿ ಒಂದೂ ಸುಳ್ಳಲ್ಲ. ಒಂದು ದಿನ ಸಿಂಥೆಟಿಕ್ ಎಣ್ಣೆಯ ಡಬ್ಬಿಯನ್ನು ಮಗುವಿನಂತೆ ಎದೆಗವಚಿಕೊಂಡು ಗ್ಯಾರೇಜಿಗೆ ಹೋದೆ.

ಶಾಂತವ್ವ ಎಣ್ಣೆಯ ಮಟ್ಟ ನೋಡುವ ಡಿಪ್‌ಸ್ಟಿಕ್ ಎಳೆದು, ಅದಕ್ಕಂಟಿದ ಕಪ್ಪು ಎಣ್ಣೆಯನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದಳು.

"ಬ್ಯಾಡ್ರಿ ಸರ. ಇದು ಮುದುಕ ಗಾಡಿ. ಸಾದಾ ಎಣ್ಣಿ ಸಾಕು."

"ಯಾಕೆ? ಇದು ಇಂಜಿನ್ ತೊಳೆಯುತ್ತದೆ ಶಾಂತವ್ವ."

"ಅದಕ್ಕ ಬ್ಯಾಡ ಅನ್ನೂದು. ರಬ್ಬರ್ ಸೀಲ್ ಸವದಾವ, ಒಳಗಿನ ಹೊಲಸ ಅವುಗಳ ಸಂದಿ ಮುಚ್ಚಿ ಕುಂತೈತಿ. ತೊಳದ್ರ ಸೋರತೈತಿ."

ನಾನು ನಕ್ಕೆ. ಈಗ ನೆನೆದರೆ ಆ ನಗುವೇ ಹೆಚ್ಚು ಚುಚ್ಚುತ್ತದೆ. ನಳಿಕೆ, ತಾಪಮಾನ ಎಂದೆಲ್ಲ ಉಪನ್ಯಾಸ ಕೊಟ್ಟೆ. ಮಲ್ಲಪ್ಪ ಕಣ್ಣು ತೆರೆದು, "ಅಕಿ ಕೈಗೆ ತಿಳಿದದ್ದು ಬಾಯಿಲೆ ಹೇಳಾಕ ಬರೂದಿಲ್ರಿ. ಆದ್ರೂ ಗಾಡಿ ನಿಮ್ಮದು" ಎಂದ. ಶಾಂತವ್ವ ಹಳೆಯ ಎಣ್ಣೆ ಬಸಿದು ನಾನು ತಂದದ್ದನ್ನು ಸುರಿದಳು.

ಮೊದಲ ವಾರ ಕಾರು ರೇಷ್ಮೆಯಂತೆ ಓಡಿತು. ಕಾಲೇಜಿನಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ಎರಡನೆಯ ವಾರ ಪಾರ್ಕಿಂಗಿನ ನೆಲದಲ್ಲಿ ರೊಟ್ಟಿಯಗಲದ ಕಲೆ ಕಂಡಿತು. ಪಕ್ಕದವರ ಕಾರಿನದ್ದಿರಬೇಕು ಎಂದುಕೊಂಡೆ. ಹಾಗೆ ಅಂದುಕೊಳ್ಳಲು ಎಷ್ಟು ಓದಿರಬೇಕು, ನೋಡಿ.

ಮೂರನೆಯ ವಾರ ತಂಗಿ ಸುಮನಳ ಮದುವೆ, ಸಾಂತಾಕ್ರೂಜಿನ ಹಾಲ್‌ನಲ್ಲಿ. ಅಪ್ಪ ತೀರಿಕೊಂಡಿದ್ದರಿಂದ ಧಾರೆ ಎರೆಯಬೇಕಾದವನು ನಾನು. ಕಾರಿನಲ್ಲಿ ಮದುಮಗಳು, ಅಮ್ಮ, ಉಳಿದ ಜಾಗದ ತುಂಬ ಹೂವು, ಹಣ್ಣು. ಪವಾಯಿ ಕೆರೆಯ ಹತ್ತಿರ ಎಣ್ಣೆಯ ಕೆಂಪು ದೀಪ ಹತ್ತಿತು. ಇಳಿದು ಬಗ್ಗಿ ನೋಡಿದರೆ ಕಾರಿನಡಿ ಧಾರೆ ಆಗಲೇ ಶುರುವಾಗಿತ್ತು!

"ಎಂತ ಮಾರಾಯ ಇದು? ಮುಹೂರ್ತ ತಪ್ಪಿದ್ರೆ ಅವರ ಮನೆಯವರಿಗೆ ಎಂತ ಹೇಳುದು?" ಅಮ್ಮ ಕಿಟಕಿಯಿಂದ ತಲೆ ಹೊರಹಾಕಿ ಕೇಳಿದಳು. ಸುಮನ ಅಳಲಿಲ್ಲ, ಅವಳು ನನ್ನನ್ನು ನೋಡಿದ ರೀತಿಗೆ ಅಳುವೇ ವಾಸಿಯಿತ್ತು.

ರಿಕ್ಷಾ ಹಿಡಿಯುವುದು ತೋಚದೆ ಶಾಂತವ್ವನಿಗೆ ಫೋನ್ ಮಾಡಿದೆ. ಬರುವವರೆಗೆ ಏನಾದರೂ ಮಾಡಬೇಕಲ್ಲ ಎಂದು ಕಾರಿನಡಿ ಕೈಹಾಕಿ, ಸೋರುವಲ್ಲಿ ಕರವಸ್ತ್ರ ಒತ್ತಿ, ಬೆರಳು ಸುಟ್ಟುಕೊಂಡೆ. ಅರ್ಧ ಗಂಟೆಯಲ್ಲಿ ಗಂಡಹೆಂಡತಿ ರಿಕ್ಷಾದಲ್ಲಿ ಬಂದಿಳಿದರು. ಶಾಂತವ್ವ ಕಾರಿನತ್ತ ನೋಡಲೇ ಇಲ್ಲ. ಮೊದಲು ಸುಮನಳ ಸೆರಗನ್ನು ಮಣ್ಣಿಗೆ ತಾಕದಂತೆ ಎತ್ತಿ ಹಿಡಿದು ಅವಳನ್ನೂ ಅಮ್ಮನನ್ನೂ ಅದೇ ರಿಕ್ಷಾದೊಳಗೆ ಕೂರಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಚಾವಿ ಕೊಡ್ರಿ. ನೀವೂ ಹತ್ರಿ ಮೊದಲ. ಗಾಡಿ ಎಲ್ಲಿ ಓಡಿ ಹೋಗತೈತಿ?" ಎಂದಳು.

ಮುಹೂರ್ತಕ್ಕೆ ಹತ್ತು ನಿಮಿಷವಿದ್ದಾಗ ಹಾಲ್ ಸೇರಿದೆವು. ಎಷ್ಟು ಸೋಪು ಹಚ್ಚಿದರೂ ನನ್ನ ಉಗುರಿನ ಕಪ್ಪು ಹೋಗಲಿಲ್ಲ. ಪುರೋಹಿತರು ಒಮ್ಮೆ ನೋಡಿ ಕಣ್ಣು ಹೊರಳಿಸಿದರು. ಆ ಕೈಯಿಂದಲೇ ತಂಗಿಯ ಕೈಮೇಲೆ ನೀರೆರೆದೆ. ಅಪ್ಪನಿದ್ದಿದ್ದರೆ ಎಂಬ ದುಃಖಕ್ಕೋ, ನನ್ನ ಮೇಲಿನ ಸಿಟ್ಟಿಗೋ, ಕಣ್ಣು ಮಂಜಾಗಿ ಅರ್ಧ ನೀರು ಹೊರಗೆ ಬಿತ್ತು.

ಊಟದ ಹೊತ್ತಿಗೆ ಹೊರಗೆ ಬಂದರೆ ಗೇಟಿನಲ್ಲಿ ನನ್ನ ಕಾರು. ಸಾದಾ ಎಣ್ಣೆ ತುಂಬಿ, ದಾರಿಯಲ್ಲಿ ಮತ್ತೆರಡು ಸಲ ನಿಲ್ಲಿಸಿ ತುಂಬಿ, ಶಾಂತವ್ವ ಅಲ್ಲಿಯವರೆಗೆ ತಂದಿದ್ದಳು. ಪಕ್ಕದ ಸೀಟಿನಲ್ಲಿ ಮಲ್ಲಪ್ಪ, ಮಡಿಲಲ್ಲಿ ಹೂವಿನ ಬುಟ್ಟಿ. 'ನಾ ಮೊದಲ ಹೇಳಿದ್ದಿಲ್ಲೇನ್ರಿ' ಎಂಬ ಮಾತು ಅವಳ ಬಾಯಿಂದ ಬರುತ್ತದೆಂದು ಕಾದೆ. ಬರಲಿಲ್ಲ. "ಹೂ ಬಾಡ್ಯಾವ್ರಿ" ಎಂದಳು, ಅಷ್ಟೇ. ಅಮ್ಮ ಇಬ್ಬರನ್ನೂ ಕೈಹಿಡಿದು ಮೊದಲ ಪಂಕ್ತಿಯಲ್ಲಿ ಕೂರಿಸಿದಳು. ಎಲೆಯ ತುದಿಯಲ್ಲಿ ಬಡಿಸಿದ ಹೋಳಿಗೆಯನ್ನು ಶಾಂತವ್ವ ಮುರಿದು ಮುರಿದು ಗಂಡನ ಎಲೆಗಿಡುತ್ತಿದ್ದಳು.

ಕೆಲವು ವರ್ಷಗಳ ನಂತರ ಹೊಸ ಕಾರು ಕೊಂಡೆ. ಶಿಷ್ಯನ ವಿನಯದಿಂದ ಅಲ್ಲಿಗೇ ಒಯ್ದು, "ಸಾದಾ ಎಣ್ಣೆಯನ್ನೇ ಹಾಕು ಶಾಂತವ್ವ, ಇನ್ನು ಸಿಂಥೆಟಿಕ್ ಮುಟ್ಟುವುದಿಲ್ಲ" ಎಂದೆ. ಅವಳು ಕೈ ಒರೆಸಿಕೊಂಡು, ಕಾರಿನ ಜೊತೆ ಬಂದ ಪುಸ್ತಕ ಬಿಡಿಸಿ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ಇದಕ್ಕ ಸಿಂಥೆಟಿಕ್ಕೇ ಬೇಕ್ರಿ. ಹೊಸಾ ಇಂಜಿನ್, ಸಂದಿ ಸಣ್ಣವು. ಸಾದಾ ಹಾಕಿದ್ರ ಕೆಡಸಿದಂಗ."

"ಅವತ್ತು ನೀನೇ ಬೇಡ ಅಂದಿದ್ದೆಯಲ್ಲ?"

"ಎಣ್ಣಿಗೆ ಅಂದಿದ್ದಿಲ್ರಿ, ಆ ಗಾಡಿಗೆ ಅಂದಿದ್ದೆ."

ಮಲ್ಲಪ್ಪ ಪಕಪಕನೆ ನಕ್ಕ. ಕಂಪನಿಯವರ ಪುಕ್ಕಟೆ ಸರ್ವಿಸ್ ಮುಗಿಯುವ ತನಕ ಅಲ್ಲೇ ಮಾಡಿಸಿರಿ ಎಂದು ಅವನೇ ಕಳಿಸಿಕೊಟ್ಟ. ಬಂದ ಗಿರಾಕಿಯನ್ನು ಹಾಗೆ ಕಳಿಸುವವರು ಎಷ್ಟು ಜನ? ನಾನೂ ಹೋದವನು ಹೋದೆ. ಪುಕ್ಕಟೆ ಸರ್ವಿಸ್ ಮುಗಿದರೂ ಎ.ಸಿ. ಕೋಣೆಯ ರೂಢಿ ಬಿಡಲಿಲ್ಲ. ಮಲ್ಲಪ್ಪ ತೀರಿಕೊಂಡ ಸುದ್ದಿ ಕಿವಿಗೆ ಬಿದ್ದದ್ದೇ ಆರು ತಿಂಗಳು ತಡವಾಗಿ. ಇಷ್ಟು ತಡವಾಗಿ ಯಾವ ಮುಖ ಹೊತ್ತು ಹೋಗಲಿ ಎಂದು ಇನ್ನೊಂದು ವರ್ಷ ತಡಮಾಡಿದೆ.

ಶನಿವಾರ ಸರ್ವಿಸ್ ಮುಗಿಸಿಕೊಂಡು ಮನೆಯ ದಾರಿ ಬಿಟ್ಟು ಗ್ಯಾರೇಜಿನ ದಾರಿ ಹಿಡಿದೆ. ಶಟರು ತೆರೆದಿತ್ತು. ಶಾಂತವ್ವ ಒಂದು ಸ್ಕೂಟರಿನ ಚಕ್ರ ಬಿಚ್ಚುತ್ತಿದ್ದಳು. ತಲೆ ಪೂರ್ತಿ ನರೆತಿತ್ತು.

"ಬರಬೇಕಿತ್ತು ಶಾಂತವ್ವ. ಬರಲಿಲ್ಲ, ತಪ್ಪಾಯಿತು" ಎಂದೆ.

ಅವಳು ಬಿಚ್ಚಿದ ಚಕ್ರವನ್ನು ಗೋಡೆಗೆ ಒರಗಿಸಿದಳು. "ಹೌದ್ರಿ, ಬರಬೇಕಿತ್ತು" ಎಂದಳು. ಪರವಾಗಿಲ್ಲ ಅನ್ನಲಿಲ್ಲ. ಅನ್ನದಿದ್ದದ್ದೇ ಒಳ್ಳೆಯದಾಯಿತು.

ಆಮೇಲೆ ಕಾರಿನ ಸುತ್ತ ಒಂದು ಸುತ್ತು ಬಂದು, "ಅವರು ಹೋದ ಮ್ಯಾಲ ನಾ ಕಾರ್ ಓಡಿಸಿಲ್ರಿ. ಸ್ಕೂಟರ್ ಕೆಲಸ ಅಷ್ಟ ಮಾಡ್ತೀನಿ" ಎಂದಳು. ನಾನು ಚಾವಿ ಚಾಚಿದೆ. ಬೇಡವೆನ್ನುತ್ತ ಕೈ ಒರೆಸಿಕೊಂಡಳು. ಒರೆಸಿಕೊಂಡ ಕೈ ಚಾವಿ ತೆಗೆದುಕೊಂಡಿತು.

ನಾನು ಪಕ್ಕದ ಸೀಟಿನಲ್ಲಿ ಕುಳಿತೆ. ಮುಲುಂಡ್ ಸ್ಟೇಷನ್ನಿನ ಕಡೆಯ ರಸ್ತೆ, ಸಂಜೆಯ ಗದ್ದಲ, ರಿಕ್ಷಾಗಳು ಎಲ್ಲೆಂದರಲ್ಲಿ ನುಗ್ಗುತ್ತಿದ್ದವು. ಮೊದಲ ಸಿಗ್ನಲಿನಲ್ಲಿ ಕಾರು ಗಕ್ಕನೆ ಎಗರಿ ಆಫ್ ಆಯಿತು. ಹಿಂದಿನವರು ಹಾರ್ನ್ ಬಾರಿಸಿದರು. ಕ್ಲಚ್ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಶಾಂತವ್ವನ ತುಟಿ ಮೆಲ್ಲಗೆ ಅಲುಗಿತು, ಯಾರೋ ಹೇಳಿದ 'ಸಾವಕಾಶ'ವನ್ನು ತಾನೂ ಹೇಳಿಕೊಳ್ಳುವಂತೆ. ಕಾರು ಮತ್ತೆ ಚಾಲೂ ಆಯಿತು, ಗೇರ್ ಬಿತ್ತು, ಸಿಗ್ನಲ್ ದಾಟಿದೆವು.