ನೆಲಕ್ಕೆ ಜ್ವರ ನೋಡುತ್ತಿದ್ದ ವಿಠಲಣ್ಣ

ವಿಠಲಣ್ಣ ಯಾರ ಮನೆಗೆ ಹೋದರೂ ಮೊದಲು ಕುಕ್ಕರಗಾಲಲ್ಲಿ ಕುಳಿತು ನೆಲದ ಮೇಲೆ ಅಂಗೈ ಇಡುತ್ತಿದ್ದರು, ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. "ಜ್ವರ ಇಲ್ಲ" ಎಂದು ಎದ್ದ ಮೇಲೆಯೇ ಕಾಫಿ.

ಉಡುಪಿ ಕಡೆಯವರು, ಮೆಲ್ಬರ್ನ್‌ನಲ್ಲಿ ಮನೆ ಕಟ್ಟಿಸುವ ಸೂಪರ್‌ವೈಸರ್. ನನ್ನ ಮಗಳು ರಶ್ಮಿ, ಅಳಿಯ ಊರಾಚೆ ಸೈಟು ಹಿಡಿದಾಗ ಪಾಯ ಹಾಕಿಸಿದವರು ಅವರೇ. ರಶ್ಮಿ ತುಂಬು ಬಸುರಿ. ಬಾಣಂತನಕ್ಕೆಂದು ತುಮಕೂರಿನಿಂದ ಬಂದಿದ್ದ ನನಗೆ ಸಂತೋಷ ಎದೆಯಲ್ಲಿ ಹಿಡಿಸುತ್ತಿರಲಿಲ್ಲ. ಆದರೆ ಆ ಮಗು ಮಲಗಬೇಕಾದ ಮನೆಯ ಪಾಯ ನೋಡಿದ ದಿನ ಅದೇ ಎದೆ ಧಸಕ್ಕೆಂದಿತು.

ನಮ್ಮೂರಲ್ಲಿ ಪಾಯದೊಳಗೆ ಆಳು ಇಳಿದರೆ ತಲೆ ಕಾಣಬಾರದು, ಸೈಜುಗಲ್ಲು ತುಂಬಬೇಕು. ಇಲ್ಲಿ ಮೊಣಕಾಲುದ್ದವೂ ತೋಡಿರಲಿಲ್ಲ. ಮಟ್ಟ ಮಾಡಿದ ನೆಲದ ಮೇಲೆ ಬೆಳ್ಳಗೆ ಥರ್ಮಾಕೋಲಿನ ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸಿದ್ದರು. ಅದರ ಮೇಲೇ ಕಾಂಕ್ರೀಟಂತೆ.

"ಇದು ಟೀವಿ ಡಬ್ಬದಲ್ಲಿ ಬರೋದಲ್ವೇನಪ್ಪಾ?" ಎಂದೆ.

"ಹೌದಮ್ಮಾ. ಟೀವಿ ಒಡೀದ ಹಾಗೆ ಕಾಯ್ತದಲ್ಲ, ಮನೆಯನ್ನೂ ಕಾಯ್ತದೆ." ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ಭಾರ ಹೊರುದು ಇದರ ನಡುವೆ ಇಳಿಯುವ ಕಾಂಕ್ರೀಟು, ಕಂಬಿ. ಇದು ಬರೀ ಕಂಬಳಿ. ಚಳಿಗಾಲದಲ್ಲಿ ಮನೆಯ ಬಿಸಿ ಮಣ್ಣಿಗೆ ಹೋಗ್ಬಾರ್ದಲ್ಲ. ಆಳ ತೋಡಿ ಕಾಂಕ್ರೀಟೇ ತುಂಬಿದ್ರೆ ರಶ್ಮಿಯ ಅಡುಗೆಮನೆಗೆ ಇಟ್ಟ ದುಡ್ಡೆಲ್ಲ ಮಣ್ಣಿನೊಳಗೆ ಮಾರಾಯ್ರೆ."

ಸೆರಗಿನಲ್ಲಿ ಕಟ್ಟಿ ತಂದ ನವಧಾನ್ಯ ಹಾಕಲು ಗುಂಡಿಯೇ ಇಲ್ಲವಲ್ಲ ಎಂದು ನನ್ನ ಕಣ್ಣು ತುಂಬಿತು. ವಿಠಲಣ್ಣ ಬೂಟು ಕಳಚಿಟ್ಟು, ಈಶಾನ್ಯ ಮೂಲೆಯ ಹೊರಗೆ ಕೈಯಿಂದಲೇ ಮಣ್ಣು ಕೆದಕಿದರು. "ಇಲ್ಲಿ ಹಾಕಿ. ಒಳಗೆ ಹಾಕಿದ್ರೆ ಪಾಯ ನೋಡ್ಲಿಕ್ಕೆ ಬರುವ ಇನ್ಸ್‌ಪೆಕ್ಟರು ನನ್ನನ್ನೇ ಹೂಳ್ತಾನೆ."

ಇಂಚರ ಹುಟ್ಟಿದಳು, ಗೃಹಪ್ರವೇಶವೂ ಆಯಿತು. ನನ್ನ ಭಯ ಮಾತ್ರ ಹೋಗಲಿಲ್ಲ. ಒಂದು ದಿನ ಗ್ಯಾರೇಜಿನ ನೆಲದಲ್ಲಿ ಕೂದಲೆಳೆಯಂಥ ಬಿರುಕು ಕಂಡು, ಮೊಮ್ಮಗಳನ್ನು ಎತ್ತಿಕೊಂಡು ಬೀದಿಗೆ ಓಡಿದೆ. "ಅಮ್ಮಾ, ಪ್ಲೀಸ್, ಮಗೂಗೆ ಕೋಲ್ಡ್ ಆಗತ್ತೆ, ಒಳಗ್ ಬಾ" ಎಂದು ರಶ್ಮಿ ಬೇಡಿಕೊಂಡರೂ, ವಿಠಲಣ್ಣ ಬರುವವರೆಗೆ ಒಳಗೆ ಕಾಲಿಡಲಿಲ್ಲ. ಅವರು ಬಂದು ಬಿರುಕಿನ ಮೇಲೆ ಉಗುರು ಆಡಿಸಿದರು.

"ಕಾಂಕ್ರೀಟು ಒಣಗುವಾಗ ಬರುವ ಸುಕ್ಕು ಇದು. ನಿಮ್ಮ ಮುಖದಲ್ಲೂ ಉಂಟು. ನೀವು ಬಿದ್ದಿದ್ದೀರಾ?"

ಸಿಡ್ನಿಯಲ್ಲಿ ಕೆಲಸ ಸಿಕ್ಕಿ, ವಿಠಲಣ್ಣ ಹೇಳಿಹೋಗಲು ಬಂದದ್ದು ಕೊರೆಯುವ ಚಳಿಯ ಒಂದು ಬೆಳಿಗ್ಗೆ. ಇಂಚರ ಅಂಬೆಗಾಲಿಡುತ್ತಿದ್ದಳು. ಅವಳ ಪಕ್ಕದಲ್ಲೇ ಅಂಗೈ ಊರಿ, "ಜ್ವರ ಇಲ್ಲ" ಎಂದರು. ಅವಳೂ ನೆಲ ತಟ್ಟಿದಳು. ಅದೇ ಕಡೆಯ ಭೇಟಿ. ಸಿಡ್ನಿಯ ಸ್ಕೋಫೀಲ್ಡ್ಸ್‌ನಲ್ಲಿ ಅವರು ತೀರಿಕೊಂಡ ಸುದ್ದಿ, ನಾನು ತುಮಕೂರಿಗೆ ಮರಳಿದ ಮೇಲೆ ಫೋನಿನಲ್ಲಿ ಬಂತು.

ಈ ಸಲ ಮೆಲ್ಬರ್ನ್‌ಗೆ ಬಂದವಳೇ ಬಾಗಿಲಲ್ಲಿ ಕುಳಿತು ನೆಲಕ್ಕೆ ಅಂಗೈ ಇಟ್ಟೆ. ಇಂಚರ ಓಡಿಬಂದು ತನ್ನ ಕೈಯನ್ನೂ ಪಕ್ಕದಲ್ಲಿಟ್ಟಳು.

"ಏನ್ ಪುಟ್ಟಾ, ಜ್ವರ ಇದ್ಯಾ?"

"ನೋ ಅಜ್ಜಿ. ಫ್ಲೋರ್ ಓಕೆ" ಎಂದವಳು ನನ್ನ ಮುಖ ನೋಡಿ, ಆ ಕೈಯನ್ನು ಎತ್ತಿ ನನ್ನ ಹಣೆಯ ಮೇಲಿಟ್ಟಳು.